ಹುರುಳಿಯ ಸಿಪ್ಪೆಗೆ ಇಪ್ಪತ್ತಾರು ಹನಿ

ನೆರೆದಿರುವ ಹಿರಿಯರೇ, ಶಾಲೆಯ ಹಳೆಯ ಸಹೋದ್ಯೋಗಿಗಳೇ, ನಮ್ಮೆಲ್ಲರಿಗಿಂತ ಹೆಚ್ಚು ಕಳೆದುಕೊಂಡಿರುವ ಪಾರವ್ವನವರೇ, ಅವರ ಮಗಳು ಶೈಲಾ — ತಮಗೆಲ್ಲ ನಮಸ್ಕಾರ.

ಸಿದ್ರಾಮಪ್ಪನವರು ಪುಣೆಯ ನಮ್ಮ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದರು. ನಾನು ಪಕ್ಕದ ಕೊಠಡಿಯಲ್ಲಿ ಕನ್ನಡ ಕಲಿಸಿದೆ. ನಿವೃತ್ತರಾದವರು ಜೇಜುರಿಗೆ ಯಾತ್ರೆ ಹೋಗುತ್ತಾರೆ. ಇವರು ಭೋಸರಿಯ ತಮ್ಮ ಅಡುಗೆಮನೆಗೆ ಹೋದರು. ಅಲಸಂದೆ, ಮಡಕಿ ಕಾಳು, ಅಗಸೆ, ಹುರುಳಿ — ಇವುಗಳ ಸಿಪ್ಪೆಯಲ್ಲಿ ಉತ್ಕರ್ಷಣ ನಿರೋಧಕ ಗುಣ ಎಷ್ಟಿದೆಯೆಂದು ಅಳೆಯತೊಡಗಿದರು. ಜೀವಕೋಶಗಳಿಗೆ ತುಕ್ಕು ಹಿಡಿಯದಂತೆ ಕಾಯುವ ಗುಣ ಅದು ಎಂದು ನನಗೆ ತಿಳಿಸಿ ಹೇಳಿದರು.

"ಬ್ಯಾಳಿ ನಾವು ತಿಂದು ಸಿಪ್ಪಿ ಎಮ್ಮಿಗೆ ಹಾಕ್ತೀವ್ರಿ ಮಾಸ್ತರ. ಅದಕ್ಕ ಎಮ್ಮಿ ನಮಗಿಂತ ಗಟ್ಟಿ ಅದ!"

ವಿಧಾನ ಸರಳ. ಸಿಪ್ಪೆ ನೆನೆಸಿದ ನೀರಿಗೆ ತುಸು ಗಂಜಿ ಬೆರೆಸಿ, ಅಯೋಡಿನ್ ಬಿಡುವುದು — ಹೀಗೆ, ಒಂದೊಂದೇ ಹನಿ. ನೀಲಿ ಮೂಡುತ್ತದೆ, ಮಾಯವಾಗುತ್ತದೆ. ಎಷ್ಟನೆಯ ಹನಿಗೆ ನೀಲಿ ಮಾಯವಾಗದೆ ನಿಲ್ಲುವುದೋ ಅದೇ ಫಲಿತಾಂಶ. ಹನಿ ಹೆಚ್ಚಿದಷ್ಟೂ ಗುಣ ಹೆಚ್ಚು. ಪೊರೆ ಬಂದ ಅವರ ಕಣ್ಣಿಗೆ ಬಣ್ಣ ತಿಳಿಯುತ್ತಿರಲಿಲ್ಲ. ಹನಿ ಎಣಿಸುವವರು ಅವರು. "ನಿಂತಿತು" ಎನ್ನುವವನು ನಾನು. ನನ್ನ ಪತ್ನಿ ತೀರಿಕೊಂಡ ಮೇಲೆ, ವಾರದಲ್ಲಿ ನಾನು ಮತ್ತೊಬ್ಬರೊಡನೆ ಮಾತನಾಡುತ್ತಿದ್ದುದು ಆ ಶನಿವಾರಗಳಂದು ಮಾತ್ರ.

ಹುರುಳಿಯ ದಿನ — ಇದನ್ನು ಹೇಳದೆ ನಾನು ಕೆಳಗಿಳಿಯಲಾರೆ — ಹುರುಳಿಯ ದಿನ ನಾನು ಕಿಟಕಿಯ ಹೊರಗೆ ನೋಡುತ್ತ ಮೈಮರೆತಿದ್ದೆ. ತಿರುಗಿದಾಗ ಬಟ್ಟಲು ಆಗಲೇ ಕಡುನೀಲಿ. "ನಿಂತಿತು" ಎಂದೆ.

"ಇಪ್ಪತ್ತಾರು!" ಎಂದು ಕೂಗಿದರು. "ಬಡವರ ಕಾಳು ಎಲ್ಲಾರ್ನೂ ಹಿಂದ ಹಾಕ್ತು ನೋಡ್ರಿ! ಏ ಪಾರವ್ವಾ, ಮಾಸ್ತರಿಗೆ ಚಹಾ ಮಾಡು. ಭಾಳ ಛಲೋ ಕಣ್ಣ ಅದಾವ ಇವರಿಗೆ!"

ಆ ಚಹಾವನ್ನು ನಾನು ಕುಡಿದೆ.

ಮಕ್ಕಳ ಅರ್ಧ ಅಂಕವನ್ನೂ ಬಿಡದೆ ಕತ್ತರಿಸಿದವನು ನಾನು. ಮುಂದಿನ ಶನಿವಾರ ಹೇಳೋಣ ಎಂದುಕೊಂಡೆ. ಹೇಳಿದರೆ ಇನ್ನು ಕರೆಯಲಾರರು ಎಂಬ ಭಯ. ಹೀಗೆ ಹನ್ನೊಂದು ಶನಿವಾರಗಳು ಕಳೆದವು. ಹನ್ನೆರಡನೆಯದಕ್ಕೆ — ಅವರೇ ಇರಲಿಲ್ಲ.

ಇಂದು ತಮ್ಮೆಲ್ಲರ ಕೈಯಲ್ಲಿ, ಶೈಲಾ ಅಚ್ಚು ಹಾಕಿಸಿದ ಅವರ ಕಿರುಹೊತ್ತಗೆ ಇದೆ. ಒಂಬತ್ತನೆಯ ಪುಟದ ಇಪ್ಪತ್ತಾರು ಅವರ ತಪ್ಪಲ್ಲ, ನನ್ನದು. ನಿಜ ಸಂಖ್ಯೆ ಹದಿನೆಂಟೋ, ಇಪ್ಪತ್ತೋ — ನಾನರಿಯೆ. ಶೈಲಾ, ಉಳಿದ ಪ್ರತಿಗಳನ್ನು ಸದ್ಯಕ್ಕೆ ಹಂಚಬೇಡಮ್ಮ. ಅವರ ಹೆಸರಿನಲ್ಲಿ ನನ್ನ ಸುಳ್ಳು ಉಳಿಯಬಾರದು.

ನಿನ್ನೆ ಮನೆಯಲ್ಲಿ ನಾನೊಬ್ಬನೇ ಹುರುಳಿ ಸಿಪ್ಪೆ ನೆನೆಸಿ ಕುಳಿತೆ. ಹನಿ ಎಣಿಸಿದರೆ ಬಣ್ಣ ತಪ್ಪುತ್ತದೆ. ಬಣ್ಣ ನೋಡಿದರೆ ಎಣಿಕೆ ತಪ್ಪುತ್ತದೆ. ಮೂರು ಸಲ ಮಾಡಿದೆ. ಮೂರು ಸಲವೂ ಚೆಲ್ಲಿದೆ. ಅದು ಇಬ್ಬರು ಮಾಡುವ ಕೆಲಸ.

ಈ ಶನಿವಾರ ತಮ್ಮಲ್ಲಿ ಯಾರಾದರೂ ಹನಿ ಎಣಿಸಲು ಬರುವುದಾದರೆ, ಸಭೆ ಮುಗಿದ ಮೇಲೆ ನಾನು ಬಾಗಿಲ ಬಳಿ ನಿಂತಿರುತ್ತೇನೆ. ಬಂದು ಒಂದು ಮಾತು ಹೇಳಿ. ಅದು ಆಮೇಲೆ. ಈಗ — ದಯಮಾಡಿ ಎಲ್ಲರೂ ಎದ್ದು ನಿಲ್ಲಬೇಕು. ಸಿದ್ರಾಮಪ್ಪನವರಿಗಾಗಿ ಒಂದು ನಿಮಿಷ, ಮಾತಿಲ್ಲದೆ.