ಟಾರ್ಚ್ ಹಿಡಿದವರ ಬಾಯಿ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ನೂಲಿನ ಗಿರಣಿಯ ಮ್ಯಾನೇಜರ್ ಸಾಹೇಬರೇ, ಹಲ್ಲಿನ ಆಸ್ಪತ್ರೆಯಿಂದ ಬಿಡುವು ಮಾಡಿಕೊಂಡು ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರಮ್ಮನವರೇ, ಇಂದಿನ ಸನ್ಮಾನ ಸ್ವೀಕರಿಸಲು ನನ್ನ ಎಡಗಡೆ ಕುಳಿತು ನನ್ನನ್ನು ಕಣ್ಣಲ್ಲೇ ಗದರಿಸುತ್ತಿರುವ ನಮ್ಮ ಸಿಳ್ಳೆ ಮೇಸ್ತ್ರಿಯವರೇ, ತಂಬಾಕು ಬಿಟ್ಟವರ ಬಳಗದ ನನ್ನ ಜೊತೆಗಾರರೇ, ಇನ್ನೂ ಬಿಡದೆ ಹಿಂದಿನ ಸಾಲಿನಲ್ಲಿ ಬಾಯಿ ಬಿಗಿಹಿಡಿದು ಕುಳಿತಿರುವ ಮಹನೀಯರೇ, ಮನೆಯವರೇ, ಸಭಿಕರೇ,

ನಿಮಗೆಲ್ಲ ನನ್ನ ವಂದನೆಗಳು. ಮೇಸ್ತ್ರಿಯವರನ್ನು ಅಭಿನಂದಿಸಿ ನಾಲ್ಕು ಮಾತು ಆಡಬೇಕೆಂದು ಬಳಗದವರು ನನಗೆ ಹೇಳಿದ್ದರು. ಅದಕ್ಕೆಂದು ಬರೆದು ತಂದ ಹಾಳೆ ಜೇಬಿನಲ್ಲಿದೆ. ತುಂಬ ಚೆನ್ನಾಗಿ ಬರೆದಿದ್ದೇನೆ, ನಾನೇ ಹೇಳಿಕೊಳ್ಳಬಾರದು. ಆದರೆ ಅದನ್ನು ಓದಲಾರೆ. ಸಭೆಯ ಭಯ ಎಂದುಕೊಳ್ಳಬೇಡಿ. ನಾನು ಫಿಟ್ಟರ್, ಓಡುವ ಯಂತ್ರದ ಪಕ್ಕದಲ್ಲೇ ಬದುಕಿ ಬಂದವನು. ಇಲ್ಲಿಗೆ ಹತ್ತುವ ಮುಂಚೆ, ಪರದೆಯ ಹಿಂದಿನ ಚಹಾದ ಕೋಣೆಯಲ್ಲಿ, ನಾನೊಂದು ಸಂಗತಿ ಕಂಡೆ. ಅದನ್ನು ಹೇಳಬೇಡ ಎಂದು ಮೇಸ್ತ್ರಿಯವರು ನನ್ನ ಕೈ ಹಿಡಿದು ಕೇಳಿಕೊಂಡಿದ್ದಾರೆ. ನಾನು ಆಗಲಿ ಎಂದು ತಲೆಯಾಡಿಸಿದ್ದೇನೆ. ಈಗ ಮೈಕಿನ ಮುಂದೆ ನಿಂತಿದ್ದೇನೆ. ಹೇಳದೆ ಇಳಿಯುವುದು ನನ್ನಿಂದ ಆಗುವ ಕೆಲಸವಲ್ಲ.

ಕೈಸನ್ನೆ ಮಾಡಬೇಡಿ ಭಾವ. ಹೌದು, ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಮೇಸ್ತ್ರಿಯವರು ನನ್ನ ಸ್ವಂತ ಅಕ್ಕನ ಗಂಡ. ಅಕ್ಕ ಅಲ್ಲಿ ಮೊದಲ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕುಳಿತಿದ್ದಾಳೆ. ಗಂಡನಿಗೆ ಸನ್ಮಾನ ಎಂದು ಬೆಳಗಿನಿಂದ ನೆಲದ ಮೇಲೆ ಕಾಲಿಟ್ಟಿಲ್ಲ.

ಮೊದಲಿನಿಂದಲೇ ಹೇಳುತ್ತೇನೆ. ಗಿರಣಿಯೆಂದರೆ ಎಲ್ಲೆಲ್ಲೂ ಹತ್ತಿ. ಒಂದು ಬೆಂಕಿಕಡ್ಡಿ ಗೀರಿದರೆ ನಾವೂ ಇಲ್ಲ, ಗಿರಣಿಯೂ ಇಲ್ಲ. ಹಾಗಾಗಿ ಸೇದುವವರಿಗೆ ಇಲ್ಲಿ ಜಾಗವಿಲ್ಲ. ಸೇದಲಾರದವರು ಏನು ಮಾಡುತ್ತಾರೆ? ಜಗಿಯುತ್ತಾರೆ. ಅಡಿಕೆ ಬೆರೆಸಿದ ತಂಬಾಕಿನ ಪೊಟ್ಟಣ ಹರಿದು ದವಡೆಯ ಸಂದಿಗೆ ಸುರಿದುಕೊಂಡರೆ ಅರ್ಧ ಪಾಳಿ ಕಳೆಯಿತು ಎಂದೇ ಲೆಕ್ಕ. ನಾವೆಲ್ಲ ಹಾಗೆಯೇ ಇದ್ದವರು. ಮೆಟ್ಟಿಲ ಮೂಲೆಗಳಿಗೆ ಬಣ್ಣ ಹೊಡೆಸುವ ಚಿಂತೆಯೇ ಮ್ಯಾನೇಜರ್ ಸಾಹೇಬರಿಗೆ ಇರಲಿಲ್ಲ, ಆ ಕೆಲಸವನ್ನು ನಾವೇ ಪುಕ್ಕಟೆ ಮಾಡಿಕೊಡುತ್ತಿದ್ದೆವು.

ಭಾವನೂ ಜಗಿಯುತ್ತಿದ್ದರು. ನಮ್ಮೆಲ್ಲರಿಗಿಂತ ಹೆಚ್ಚೇ ಜಗಿಯುತ್ತಿದ್ದರು. ಒಂದು ದಿನ ಬಿಟ್ಟರು. ಆಗ ಬಳಗವೂ ಇಲ್ಲ, ಗಿಳಗವೂ ಇಲ್ಲ. ಒಬ್ಬರೇ ಬಿಟ್ಟರು. ಹೇಗೆ ಬಿಟ್ಟರೋ, ಎಷ್ಟು ಒದ್ದಾಡಿದರೋ, ಯಾರೂ ಕೇಳಲಿಲ್ಲ. ಆಮೇಲೆ ಅವರೇ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ಬಳಗ ಕಟ್ಟಿದರು.

ನಮ್ಮ ಗಿರಣಿಯಲ್ಲಿ ಒಂದು ಪದ್ಧತಿಯಿದೆ. ನೂಲಿನ ಎಳೆ ಹರಿದರೆ, ಯಂತ್ರ ಯಾರದ್ದಾದರೂ ಸರಿ, ಹತ್ತಿರ ಇದ್ದವರು ಓಡಿಹೋಗಿ ಎಳೆ ಕೂಡಿಸಬೇಕು. ಇದು ನನ್ನ ಯಂತ್ರವಲ್ಲ ಎಂದು ಯಾರೂ ಹೇಳುವಂತಿಲ್ಲ. ಭಾವ ಅದನ್ನೇ ಬಳಗಕ್ಕೂ ತಂದರು. ತಂಬಾಕಿನ ಚಪಲ ತಡೆಯಲಾರದಷ್ಟು ಬಂದರೆ "ಎಳೆ ಹರೀತು" ಎಂದು ಕೂಗಬೇಕು. ಹತ್ತಿರ ಇದ್ದವರು ಬಂದು ಪಕ್ಕದಲ್ಲಿ ನಿಲ್ಲಬೇಕು, ಅಷ್ಟೇ. ಉಪದೇಶ ಮಾಡುವಂತಿಲ್ಲ.

ನಾನು ಬಿಟ್ಟ ಹೊಸತರಲ್ಲಿ ಪೆನ್ಸಿಲ್ ಜಗಿದೆ, ಅಂಗಿಯ ಕಾಲರ್ ಜಗಿದೆ, ಮನೆಯಲ್ಲಿ ಹೆಂಡತಿಯ ತಲೆ ಜಗಿದೆ. ಒಂದು ಮಧ್ಯಾಹ್ನ ತಡೆಯಲಾರದೆ ನೂಲು ಸುತ್ತುವ ಬಾಬಿನ್ ಇಡುವ ಕೋಣೆಗೆ ಹೋಗಿ ಗೋಡೆಗೆ ಹಣೆ ಆನಿಸಿ "ಎಳೆ ಹರೀತು ಭಾವ" ಎಂದು ಅತ್ತುಬಿಟ್ಟೆ. ಅವರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇದು ನೆಂಟ ಕಣೋ. ಚಾಪೆ ಹಾಸಬೇಡ, ನೀರು ಕೊಡಬೇಡ. ಸ್ವಲ್ಪ ಹೊತ್ತು ನೋಡ್ತಾನೆ, ತಾನೇ ಎದ್ದು ಹೋಗ್ತಾನೆ" ಎಂದರು. ನೆಂಟ ಎದ್ದು ಹೋಗುವವರೆಗೆ ಅವರೂ ಎದ್ದು ಹೋಗಲಿಲ್ಲ. ಇಂಥ ಮನುಷ್ಯನಿಗೆ ಸನ್ಮಾನ ಮಾಡದೆ ಇನ್ಯಾರಿಗೆ ಮಾಡಬೇಕು?

ಇನ್ನು ಟಾರ್ಚಿನ ವಿಷಯಕ್ಕೆ ಬರುತ್ತೇನೆ. ಡಾಕ್ಟರಮ್ಮನವರೇ, ಹಿಂದೊಮ್ಮೆ ನೀವು ಇಲ್ಲಿಗೆ ಬಂದಾಗ, ಬಾಯಿಯೊಳಗೆ ಏನೇನು ನೋಡಬೇಕು ಎಂದು ಮೇಸ್ತ್ರಿಗೆ ಕಲಿಸಿಹೋದಿರಿ. ಬಿಳಿ ಮಚ್ಚೆ ಇದೆಯೇ, ಮಾಯದ ಹುಣ್ಣು ಇದೆಯೇ, ಮೂರು ಬೆರಳು ಒಂದರ ಮೇಲೊಂದಾಗಿ ನೆಟ್ಟಗೆ ಬಾಯೊಳಗೆ ಹಿಡಿಸುತ್ತವೆಯೇ. ಅಂದಿನಿಂದ ಪಾಳಿ ಶುರುವಾಗುವ ಮುಂಚೆ ಕೈತೊಳೆಯುವ ತೊಟ್ಟಿಯ ಹತ್ತಿರ ನಮ್ಮದೊಂದು ಸಾಲು. ಮೇಸ್ತ್ರಿ ಟಾರ್ಚ್ ಹಿಡಿದು, "ಆ ಅನ್ನು. ಇನ್ನೂ ಅಗಲ. ಊಟಕ್ಕೆ ತೆಗೀತೀಯಲ್ಲ, ಅಷ್ಟು ತೆಗಿ" ಎಂದು ಒಬ್ಬೊಬ್ಬರ ದವಡೆ ಹಿಡಿದು ನೋಡುತ್ತಿದ್ದರು. ಕದ್ದು ಜಗಿದವನು ಅಲ್ಲೇ ಸಿಕ್ಕಿಬೀಳುತ್ತಿದ್ದ. ನಾವೆಲ್ಲ ಅತ್ತಿಗೆ ಎಂದೇ ಕರೆಯುವ ನಮ್ಮ ಕ್ಯಾಂಟೀನಿನವರ ನಾಲಿಗೆಯ ಕೆಳಗಿನ ಮಚ್ಚೆ ಕಂಡದ್ದು ಆ ಟಾರ್ಚಿನಿಂದಲೇ. ಬೇಗ ತೆಗೆಸಿದರು, ಬದುಕಿದರು, ಇವತ್ತು ಈ ಸಭೆಗೆ ಚಹಾ ಮಾಡಿದ್ದೂ ಅವರೇ.

ಆ ಅತ್ತಿಗೆ ಒಮ್ಮೆ ಕೇಳಿದ್ದರು, "ನಮ್ಮೆಲ್ಲರ ಬಾಯಿ ನೀವು ನೋಡ್ತೀರಿ, ನಿಮ್ಮ ಬಾಯಿ ಯಾರು ನೋಡೋದು ಮೇಸ್ತ್ರಿ?" ಎಂದು. ಭಾವ ಏನೆಂದರು ಗೊತ್ತೇ? "ಟಾರ್ಚ್ ಹಿಡಿಯೋಕೆ ಒಂದು ಕೈ, ನಿಮ್ಮ ದವಡೆ ಹಿಡಿಯೋಕೆ ಒಂದು ಕೈ. ಮೂರನೇ ಕೈ ದೇವರು ಕೊಟ್ಟಿಲ್ಲವಲ್ಲಮ್ಮ." ನಾವೆಲ್ಲ ನಕ್ಕೆವು. ನಾನು ಬಾಯಿಯಲ್ಲಿ ಮೂರು ಬೆರಳು ಇಟ್ಟುಕೊಂಡೇ ನಕ್ಕೆ, ಬೆರಳು ಕಚ್ಚಿಕೊಂಡೆ. ಎಷ್ಟು ನಕ್ಕೆವಪ್ಪಾ ಅವತ್ತು!

ಈಗ ಚಹಾದ ಕೋಣೆ. ಸಾಹೇಬರೂ ಡಾಕ್ಟರಮ್ಮನವರೂ ಕಿಟಕಿಯ ಹತ್ತಿರ ಮಾತಾಡುತ್ತಿದ್ದರು. ತಟ್ಟೆಯಲ್ಲಿ ಬನ್ನುಗಳಿದ್ದವು. ಭಾವ ಒಂದನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿದರು. ಉಗುರಿನಷ್ಟು ಉಗುರಿನಷ್ಟು ಚಿವುಟಿ, ಚಹಾದಲ್ಲಿ ಅದ್ದಿ, ತುಟಿಯ ಸಂದಿಯಿಂದ ಒಳಗೆ ತಳ್ಳುತ್ತಿದ್ದರು. ಭಾವಮೈದುನ ಎಂದ ಮೇಲೆ ಸುಮ್ಮನಿರಲಾಗುತ್ತದೆಯೇ? "ಏನು ಭಾವ, ಮದುಮಗನ ಹಾಗೆ ನಾಚಿಕೊಂಡು ತಿಂತಿದ್ದೀರಿ, ಬಾಯಿ ತೆಗೀರಿ" ಎಂದು ಅರ್ಧ ಬನ್ನು ಹಿಡಿದು ಅವರ ಬಾಯಿಗೆ ತುರುಕಲು ಹೋದೆ. ಬನ್ನು ಹಲ್ಲಿಗೆ ತಾಗಿ ಅಲ್ಲೇ ನಿಂತಿತು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಇನ್ನೊಮ್ಮೆ ತಳ್ಳಿದೆ. ಅವರ ಕಣ್ಣಲ್ಲಿ ನೀರು ಬಂತು. "ತೆಗೀರಿ ಭಾವ" ಎಂದೆ. "ತೆಗೆದಿದ್ದೀನಲ್ಲೋ" ಎಂದರು. "ಇಷ್ಟೇ ಕಣೋ. ಇಷ್ಟೇ ತೆಗೆಯೋದು."

ಸಭಿಕರೇ, ನನ್ನ ಒಂದು ಬೆರಳನ್ನು ಅಡ್ಡ ಹಿಡಿದೆ. ಅದು ಕಷ್ಟದಿಂದ ಹೋಯಿತು. ಎರಡನೆಯ ಬೆರಳಿಗೆ ಜಾಗವಿರಲಿಲ್ಲ. ಊರಿನವರ ಬಾಯನ್ನೆಲ್ಲ ಅಗಲ ಮಾಡಿಸಿದ ಮನುಷ್ಯನ ಬಾಯಿ! ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆ ಕತ್ತಲೆ ಹೇಗಿರುತ್ತದೆ ಎಂದು ಇವತ್ತು ಕಂಡೆ.

ಅಕ್ಕಾ, ಏಳಬೇಡ, ಕೂತ್ಕೋ. ಅತ್ತಿಗೆ, ಅವಳ ಪಕ್ಕ ಕೂರಿ ಸ್ವಲ್ಪ.

ಈಗ, ಇಲ್ಲಿ ಮಾತಾಡುತ್ತಿರುವಾಗಲೇ, ನನಗೆ ಒಂದೊಂದೇ ಹೊಳೆಯುತ್ತಿದೆ. ಅಕ್ಕ ಒಮ್ಮೆ ಹೇಳಿದ್ದಳು, "ಇವರು ಈಚೆಗೆ ನಮ್ಮ ಜೊತೆ ಊಟಕ್ಕೆ ಕೂರಲ್ಲ ಕಣೋ. ಅನ್ನ ಕಿವುಚಿ ಕಿವುಚಿ ನೀರು ಮಾಡ್ಕೊಂಡು ಒಬ್ರೇ ತಿಂತಾರೆ. ಖಾರ ಅಂದ್ರೆ ಉರಿದುಬೀಳ್ತಾರೆ." ನಾನು "ನಿನ್ನ ಅಡುಗೆಗೆ ಹೆದರಿರಬೇಕು ಬಿಡು" ಎಂದು ಚೇಷ್ಟೆ ಮಾಡಿದ್ದೆ. ಉರಿಯುತ್ತಿದ್ದುದು ಬಾಯಿ ಎಂದು ನನಗೆ ಹೊಳೆಯಲಿಲ್ಲ. ನಾವು ದಿನಾ ಅದೇ ಮಾತಾಡುವವರು. ಆದರೂ ಹೊಳೆಯಲಿಲ್ಲ!

ಇನ್ನೂ ಒಂದಿದೆ. ಇವರಿಗೆ ಸಿಳ್ಳೆ ಮೇಸ್ತ್ರಿ ಎಂಬ ಹೆಸರು ಏಕೆ ಬಂತು? ಯಂತ್ರಗಳ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಇವರು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರೆ ಆ ತುದಿಯವನೂ ತಿರುಗಿ ನೋಡುತ್ತಿದ್ದ. ನಾನು ಈ ಸಭೆಯನ್ನೇ ಕೇಳುತ್ತೇನೆ. ಮೇಸ್ತ್ರಿಯ ಸಿಳ್ಳೆಯನ್ನು ಈಚೆಗೆ ಯಾರು ಕೇಳಿದ್ದೀರಿ? ಕೈ ಎತ್ತಿ.

ಯಾರೂ ಇಲ್ಲವೇ? ನೂಲುವ ವಿಭಾಗದವರು? ನೀವು ಪಾಳಿಯಿಡೀ ಅವರ ಕೈಕೆಳಗೇ ಇರುವವರು, ನೀವೂ ಕೇಳಿಲ್ಲವೇ?

ಒಂದು ಕೈಯೂ ಮೇಲೇಳಲಿಲ್ಲ. ಈಗ ಅವರು ಸ್ಪ್ಯಾನರ್ ಹಿಡಿದು ಕಬ್ಬಿಣದ ಕಂಬಕ್ಕೆ ಬಡಿಯುತ್ತಾರೆ, ನಾವು ತಿರುಗುತ್ತೇವೆ. ಸನ್ಮಾನ ಬರುವ ಹೊತ್ತಿಗೆ ಮೇಸ್ತ್ರಿ ದೊಡ್ಡ ಮನುಷ್ಯರಾದರು, ಸಿಳ್ಳೆ ಹೊಡೆಯಲು ಮರ್ಯಾದೆ ಅಡ್ಡ ಬಂತು ಎಂದು ನಾವು ಆಡಿಕೊಂಡೆವು. ಅಯ್ಯೋ ದೇವರೇ! ಹೆಸರಲ್ಲಿ ಸಿಳ್ಳೆ ಉಳಿಯಿತು, ಬಾಯಲ್ಲಿ ಹೋಯಿತು. ಇಷ್ಟು ಜನರಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ. ಬಿಟ್ಟವರ ಬಳಗವಂತೆ, ಒಬ್ಬರಿಗೊಬ್ಬರು ಆಸರೆಯಂತೆ! ನನಗೆ ನಂಬಲಿಕ್ಕೇ ಆಗುತ್ತಿಲ್ಲ.

ಕೋಣೆಯಲ್ಲಿ ನಾನು ಕೇಳಿದೆ, "ಯಾರಿಗೂ ಯಾಕೆ ಹೇಳಲಿಲ್ಲ ಭಾವ? ಡಾಕ್ಟರಮ್ಮ ಅಲ್ಲೇ ನಿಂತಿದ್ದಾರೆ, ಕರೆಯಲಾ?" ಅವರು ನನ್ನ ಕೈ ಹಿಡಿದುಕೊಂಡರು. "ಇವತ್ತು ಬೇಡ. ಹಿಂದಿನ ಸಾಲಿನ ಹೊಸಬರು ನನ್ನನ್ನ ನೋಡೋಕೆ ಬಂದಿದ್ದಾರೆ. ಬಿಟ್ಟವನಿಗೇ ಹೀಗಾಯ್ತು ಅಂತ ಗೊತ್ತಾದ್ರೆ, ಹಾಗಾದ್ರೆ ನಾವ್ಯಾಕೆ ಬಿಡಬೇಕು ಅಂತಾರೆ. ಬಿಟ್ಟವರೂ ಮತ್ತೆ ಹಿಡೀತಾರೆ. ನನ್ನ ಬಾಯಿ ಮುಚ್ಚಿಕೊಂಡೇ ಇರಲಿ ಕಣೋ" ಎಂದರು. ಅಷ್ಟರಲ್ಲಿ ನಮ್ಮನ್ನು ವೇದಿಕೆಗೆ ಕರೆದರು.

ಇದು ಆಸರೆಯೇ ಭಾವ? ನಮ್ಮನ್ನು ಉಳಿಸಲು ನೀವು ಹಸಿದುಕೊಂಡು ಇರುವುದು? ನನಗೆ ಸಿಟ್ಟು ಬರುತ್ತಿದೆ. ಹಿರಿಯರ ಮೇಲೆ ಸಿಟ್ಟು ಮಾಡಬಾರದು, ಆದರೂ ಬರುತ್ತಿದೆ.

ಹಿಂದಿನ ಸಾಲಿನವರೇ, ನಿಮ್ಮ ಜೇಬಿನಲ್ಲಿ ಪೊಟ್ಟಣ ಇದೆಯೆಂದು ನನಗೆ ಗೊತ್ತು. ಬಿಟ್ಟವನಿಗೇ ಬಂತು ಎನ್ನುತ್ತೀರಾ? ಬಿಟ್ಟದ್ದರಿಂದ ಇದು ಬರಲಿಲ್ಲ. ಜಗಿದ ಕಾಲದ್ದು ಒಳಗೇ ಕುಳಿತು ದವಡೆ ಬಿಗಿಯುತ್ತ ಬಂದಿದೆ. ಬಿಡದೆ ಹೋಗಿದ್ದರೆ ಇವತ್ತು ಈ ಕುರ್ಚಿಯಲ್ಲಿ ಇವರು ಇರುತ್ತಿದ್ದರೋ ಇಲ್ಲವೋ, ಅದನ್ನು ಡಾಕ್ಟರಮ್ಮನವರೇ ಹೇಳಲಿ. ನನಗೆ ಗೊತ್ತಿರುವುದು ಇಷ್ಟೇ. ನಮ್ಮ ಅತ್ತಿಗೆಯ ಬಾಯಿಗೆ ಬೆಳಕು ಬಿತ್ತು, ಅತ್ತಿಗೆ ಬದುಕಿದರು. ಇವರ ಬಾಯಿಗೆ ಬೆಳಕು ಬೀಳಲಿಲ್ಲ. ಇಬ್ಬರ ನಡುವೆ ಇರುವ ವ್ಯತ್ಯಾಸ ಅಷ್ಟೇ, ಬೇರೇನೂ ಇಲ್ಲ. ಒಬ್ಬರೇ ಬಿಟ್ಟರು, ಒಬ್ಬರೇ ಮುಚ್ಚಿಟ್ಟುಕೊಂಡರು. ನೀವು ಹಾಗೆ ಮಾಡಬೇಡಿ. ಬಂದು ನಮ್ಮ ಸಾಲಿನಲ್ಲಿ ನಿಲ್ಲಿ.

ಭಾವ, ನೀವು ಒಮ್ಮೆಯೂ "ಎಳೆ ಹರೀತು" ಎಂದು ಕೂಗಲಿಲ್ಲ. ನಿಮ್ಮ ಯಂತ್ರದಲ್ಲಿ ಎಳೆ ಹರಿದು ಎಷ್ಟು ಕಾಲವಾಯಿತೋ. ಹತ್ತಿರ ಇದ್ದವರು ನಾವು. ನಮ್ಮದೇ ಪದ್ಧತಿಯ ಪ್ರಕಾರ, ನೀವು ಕೂಗದಿದ್ದರೂ ನಾವು ಓಡಿಬರಬೇಕಿತ್ತು. ಯಂತ್ರದ ಎಳೆ ಯಾವತ್ತಾದರೂ ಕೂಗುತ್ತದೆಯೇ? ಕಣ್ಣಿಟ್ಟು ನೋಡಿದವರಿಗೆ ಕಾಣುತ್ತದೆ, ಅಷ್ಟೇ.

ಅಧ್ಯಕ್ಷರೇ, ಈಗ ಕಾರ್ಯಕ್ರಮದ ಪ್ರಕಾರ ಬಳಗದ ಪರವಾಗಿ ಮೇಸ್ತ್ರಿಯವರಿಗೆ ನೆನಪಿನ ಕಾಣಿಕೆ ಕೊಡಬೇಕು. ಈ ಪೆಟ್ಟಿಗೆಯಲ್ಲಿ ಹೊಸ ಟಾರ್ಚ್ ಇದೆ. ಹಳೆಯದರ ಗುಂಡಿ ಸವೆದಿದೆ ಎಂದು ಎಲ್ಲರೂ ಸೇರಿ ತಂದದ್ದು, ಬೆಳಕು ಬಹಳ ಚೆನ್ನಾಗಿದೆ. ಬಳಗದವರ ಕ್ಷಮೆ ಕೇಳಿ ಹೇಳುತ್ತೇನೆ, ಇದನ್ನು ಅವರ ಕೈಗೆ ಕೊಡುವುದಿಲ್ಲ. ನಾಳೆಯಿಂದ ತೊಟ್ಟಿಯ ಹತ್ತಿರ ಟಾರ್ಚ್ ದಿನಕ್ಕೊಬ್ಬರ ಕೈಯಲ್ಲಿ ಇರುತ್ತದೆ. ಹಿಡಿದವರ ಬಾಯಿಯನ್ನು ಮೊದಲು ನೋಡಲಾಗುತ್ತದೆ. ಇವತ್ತು ಮಾತ್ರ ಟಾರ್ಚ್ ಹಿಡಿಯುವ ಸರದಿ ನನ್ನದು, ನೋಡುವ ಬಾಯಿ ಭಾವನದು.

ಅಕ್ಕಾ, ಈಗ ಬಾ, ಮೇಲೆ ಬಾ. ಮೆಟ್ಟಿಲು ನೋಡಿಕೊಂಡು ಹತ್ತು. ಭಾವನ ಪಕ್ಕ ನಿಲ್ಲು, ಏನೂ ಹೇಳಬೇಡ, ಬೈಯಬೇಡ. ಸುಮ್ಮನೆ ನಿಲ್ಲು ಸಾಕು. ಡಾಕ್ಟರಮ್ಮನವರೇ, ನಿಮ್ಮ ಭಾಷಣಕ್ಕೆ ಮುಂಚೆ ನಿಮಗೊಂದು ಕೆಲಸ ಕೊಡುತ್ತಿದ್ದೇನೆ, ದಯವಿಟ್ಟು ಈ ಕಡೆ ಬನ್ನಿ.

ಮಾತಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೆ, ಒಂದು ಕೈಯನ್ನೂ ಎತ್ತದೆ ನನಗೆ ನಿಜ ತಿಳಿಸಿದ ನಿಮಗೆ, ಕೊಟ್ಟ ಮಾತನ್ನು ಸಭೆಯಲ್ಲೇ ಮುರಿದರೂ ಎದ್ದು ಹೋಗದೆ ಕುಳಿತಿರುವ ನನ್ನ ಭಾವನಿಗೆ, ವಂದನೆಗಳು.

ತಲೆ ಸ್ವಲ್ಪ ಹಿಂದಕ್ಕೆ, ಭಾವ. ಅಗಲ ಬೇಡ. ಎಷ್ಟು ತೆಗೆಯಲು ಬರುತ್ತದೋ ಅಷ್ಟೇ ತೆಗೆಯಿರಿ, ಬೆಳಕು ಹೋಗುವಷ್ಟು ಜಾಗವಾದರೆ ಸಾಕು.

ನಮಸ್ಕಾರ.