ತಪ್ಪು ಯಾರದೆಂದು ಕೇಳದ ಪರಿಹಾರ

ಈ ಕೂಟದ ಅಧ್ಯಕ್ಷತೆ ವಹಿಸಿರುವ ಬಸಪ್ಪನವರೇ, ಇಂದು ನಮ್ಮೆಲ್ಲರಿಂದ ಸನ್ಮಾನ ಸ್ವೀಕರಿಸಿದ ವಕೀಲೆ ಹಾಗೂ ನನ್ನ ಹಳೆಯ ವಿದ್ಯಾರ್ಥಿನಿ ಮೇನಕಾ ಅವರೇ, ಊಟದ ಮನೆಯ ಕಡೆಗೇ ಕಣ್ಣಿಟ್ಟು ಕುಳಿತಿರುವ ಬಂಧುಗಳೇ, ಟೀಚರ್ ತಮಿಳಲ್ಲಿ ಮಾತಾಡಿದ್ದರೆ ಬೇಗ ಮುಗಿಯುತ್ತಿತ್ತಲ್ಲ ಎಂದು ಗೊಣಗುತ್ತಿರುವ ಮಕ್ಕಳೇ, ಸಭಿಕರೇ, ನಿಮಗೆಲ್ಲ ಗಂಗಾಲಕ್ಷ್ಮಿ ಟೀಚರ್ ಮಾಡುವ ವಂದನೆಗಳು.

ತಮಿಳುನಾಡಿನ ಈ ಪೆನ್ನಾಗರಂ ಸುತ್ತಿನ ಕನ್ನಡದ ಮನೆಗಳವರು ವರ್ಷಕ್ಕೊಮ್ಮೆ ಸೇರುವ ಈ ಕೂಟದಲ್ಲಿ ಯಾರಾದರೊಬ್ಬರು ಉಪಯೋಗದ ಮಾತಾಡಬೇಕೆಂಬುದು ನಿಯಮ. ಹೋದ ವರ್ಷ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದಿರಿ. ಕೇಳಿ, ಎದ್ದು ಹೋಗಿ, ಎರಡೆರಡು ಜಾಮೂನು ತಿಂದಿರಿ. ನಾನು ನೋಡಿದ್ದೇನೆ. ಈ ವರ್ಷ ನನಗೆ ಕೊಟ್ಟ ವಿಷಯ, ಕಾರಿನ ಅಪಘಾತದಲ್ಲಿ ಗಾಯವಾದರೆ ಇನ್ಶೂರೆನ್ಸ್‌ನಿಂದ ಸಿಗುವ ಪರಿಹಾರ. ಅದರಲ್ಲೂ ತಪ್ಪು ಯಾರದೆಂದು ಕೇಳದೆ ಕೊಡುವ ಪರಿಹಾರ. ಜೀವನಪೂರ್ತಿ ತಮಿಳು ವ್ಯಾಕರಣ ಹೇಳಿಕೊಟ್ಟವಳಿಗೆ ಈ ವಿಷಯ ಯಾಕೆ ಕೊಟ್ಟರು? ಈ ಕೋಲು ನೋಡಿ ಕೊಟ್ಟರು. ನನ್ನ ತೊಡೆಯೊಳಗೆ ಒಂದು ಸ್ಟೀಲ್ ಪ್ಲೇಟು ಇದೆ, ಅದಕ್ಕಿಂತ ದೊಡ್ಡ ಅರ್ಹತೆ ಬೇಕೆ?

ಮುಚ್ಚುಮರೆ ಯಾಕೆ, ಮೊದಲೇ ಹೇಳಿಬಿಡುತ್ತೇನೆ. ಅವತ್ತು ಕಾರು ಓಡಿಸುತ್ತಿದ್ದವನು ನನ್ನ ತಮ್ಮ ಮುನಿರಾಜ. ಕಾರೂ ಅವನದೇ. ಈ ಸಭೆಯ ಮೈಕ್ ಸೆಟ್ ಕೂಡ ಅವನದೇ. ಇಗೋ, ವೇದಿಕೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಾನೆ. ಆಸ್ಪತ್ರೆಯಿಂದ ನನ್ನನ್ನು ಮನೆಗೆ ತಂದು ಬಿಟ್ಟವನು ಕೆಲವು ತಿಂಗಳು ಬರುತ್ತಿದ್ದ, ಆಮೇಲೆ ನನ್ನ ಹೊಸ್ತಿಲು ತುಳಿದಿಲ್ಲ. ಅಕ್ಕ ತನ್ನ ಮೇಲೆ ಕೇಸು ಹಾಕಿದಳು ಎಂಬುದು ಅವನ ನಂಬಿಕೆ. ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ನನ್ನ ಮಗಳು ಅರ್ಚನಾಳ ಮದುವೆ. ಸೋದರಮಾವ ಬಾರದ ಮದುವೆ ನಮ್ಮಲ್ಲಿ ಮದುವೆಯೇ? ಕಾನೂನಿನ ಪಾಠ ನಿಮಗೆ, ಆದರೆ ನಾನು ಕೋಲೂರಿಕೊಂಡು ಈ ಮೆಟ್ಟಿಲು ಹತ್ತಿದ್ದು ಅವನಿಗೆ ಹೇಳಲಿಕ್ಕೆ. ಬಸಪ್ಪನವರು ಕ್ಷಮಿಸಬೇಕು.

ನಡೆದದ್ದು ಇಷ್ಟು. ಕಣ್ಣು ತೋರಿಸಲು ಧರ್ಮಪುರಿಗೆ ಹೊರಟಿದ್ದೆ. ಕಣ್ಣು ತೋರಿಸಲು ಹೋದವಳು ಕಾಲು ತೋರಿಸಿ ಬಂದೆ ಅನ್ನಿ. ಇಂದೂರು ಹಳ್ಳಿ ದಾಟಿದ ಮೇಲೆ ತಿರುವಿನಲ್ಲಿ ಆಡುಗಳ ಹಿಂಡು ರಸ್ತೆ ದಾಟುತ್ತಿತ್ತು. ಹಿಂಡು ದಾಟಿತು, ಮುನಿರಾಜ ಕಾರನ್ನು ಮುಂದೆ ಬಿಟ್ಟ. ಒಂದು ಆಡಿಗೆ ಮಾತ್ರ ಈ ಕಡೆಯ ಎಲೆಯೇ ರುಚಿ ಅನ್ನಿಸಿತೋ ಏನೋ, ತಿರುಗಿ ಓಡಿ ಬಂತು. ಅವನು ಸ್ಟೇರಿಂಗ್ ಎಳೆದ. ಹಿಂದೆ ಸ್ಪೀಕರ್ ಪೆಟ್ಟಿಗೆಗಳ ಭಾರ ಬೇರೆ. ಕಾರು ಹಳ್ಳಕ್ಕೆ ಮಗುಚಿತು. ಆಡಿಗೆ ಏನೂ ಆಗಲಿಲ್ಲ, ನಿಂತು ನಮ್ಮನ್ನೇ ನೋಡುತ್ತಿತ್ತು.

ಅವನು ಬಾಗಿಲು ಕಿತ್ತು ನನ್ನನ್ನು ಎಳೆದು, "ಅಕ್ಕಾ, ನಿನ್ನ ಸಾಯಿಸ್ಬುಟ್ನಲ್ಲಕ್ಕಾ" ಎಂದು ರಸ್ತೆಯಲ್ಲೇ ಬಾಯಿ ಬಡಿದುಕೊಂಡ. ನಾನು, "ಸತ್ತಿಲ್ಲ ಕಣ್ಲಾ, ಮೊದ್ಲು ಕಾಲು ಎತ್ತು" ಅಂದೆ. ಅವ್ವ ಹೋದಾಗ ಅಂಬೆಗಾಲಿಡುತ್ತಿದ್ದ ಕೂಸು ಅದು. ಎಂಥ ಹೊತ್ತಿನಲ್ಲೂ ಅವನು ಅತ್ತರೆ ನನಗೆ ತಡೆಯುವುದಿಲ್ಲ.

ಈಗ ನಮ್ಮವರು ಮಾತ್ರ ಮಾಡಬಲ್ಲ ತಪ್ಪಿಗೆ ಬರುತ್ತೇನೆ. ನಮ್ಮಲ್ಲಿ ಏನೇ ಆದರೂ ಮಾರಿಗುಡಿ ಮುಂದೆ ಕೂರುತ್ತೇವೆ. ಮೊದಲ ಪ್ರಶ್ನೆ ಏನು? ತಪ್ಪು ಯಾರದು? ತಪ್ಪು ಮಾಡಿದವನು ತಪ್ಪುಕಾಣಿಕೆ ಕಟ್ಟಿ, ಹತ್ತು ಜನರ ಮುಂದೆ ಅಡ್ಡಬಿದ್ದ ಮೇಲೆಯೇ ಉಳಿದ ಮಾತು. ಆದ್ದರಿಂದ ಪರಿಹಾರ ಎಂಬ ಶಬ್ದ ಕೇಳಿದ ಕೂಡಲೇ, ಯಾರೋ ಒಬ್ಬರು ಅಡ್ಡಬೀಳಬೇಕು ಎಂದೇ ನಮ್ಮ ತಲೆಗೆ ಹತ್ತುತ್ತದೆ. ಅಡ್ಡಬೀಳುವವನು ಸ್ವಂತ ತಮ್ಮನಾದರೆ? ಮುಚ್ಚಿಡುತ್ತೇವೆ. ನಾವು ಮಾಡಿದ್ದೂ ಅದನ್ನೇ.

ಸುಬ್ಬರಾಯಪ್ಪ ಮಾವ ಮುಂದಿನ ಸಾಲಿನಲ್ಲೇ ಇದ್ದಾರೆ. ಮಾವ, ನಗಬೇಡಿ, ಉಪಾಯ ನಿಮ್ಮದೇ. ಆಸ್ಪತ್ರೆ ಬಾಗಿಲಲ್ಲಿ ಇವರು ನಮ್ಮನ್ನು ತಡೆದು, "ಕಾರು ಅಂದ್ರೆ ಕೇಸಾಯ್ತೈತೆ. ಉಡುಗನ್ನ ಸ್ಟೇಷನ್ನಿಗೆ ಎಳ್ಕೊಂಡ್ ಓಯ್ತಾರೆ. ಮಾಳಿಗೆ ಮೆಟ್ಲಿಂದ ಬಿದ್ಲು ಅಂತ ಏಳ್ಬುಡಿ" ಅಂದರು. ಒಳಗೆ ಡಾಕ್ಟರಮ್ಮ ತಮಿಳಿನಲ್ಲಿ, "ಎಪ್ಪಡಿಮ್ಮಾ ಅಡಿ ಪಟ್ಟುದು?" ಎಂದು ಕೇಳಿದರು. ಹೇಗೆ ಏಟು ಬಿತ್ತು ಅಂದಾಗ ನಾನು ಮೆಟ್ಟಿಲು ಅಂದೆ. ಹಾಗಾದರೆ ನಿಮ್ಮ ತಲೆಗೂದಲಲ್ಲಿ ಗಾಜಿನ ಚೂರು ಹೇಗೆ ಬಂತು ಎಂದು ಅವರು ಕೇಳಿದರು. ನಮ್ಮ ಮಾವ ಹಿಂದಿನಿಂದ, "ಬೀಳ್ವಾಗ ಕಿಟಕಿ ಇಡ್ಕೊಂಡ್ಲು ಡಾಕ್ಟ್ರೇ" ಅಂದರು. ಆಹಾ, ಎಂಥ ಬುದ್ಧಿ! ಡಾಕ್ಟರಮ್ಮ ನಂಬಲಿಲ್ಲ, ಆದರೆ ನಾವು ಹೇಳಿದ್ದನ್ನೇ ಬರೆದುಕೊಂಡರು. ಅಲ್ಲಿಗೆ ನನ್ನ ಪರಿಹಾರದ ಬುಡಕ್ಕೆ ನಾವೇ ಕೊಡಲಿ ಹಾಕಿದ್ದಾಯಿತು.

ಆದ್ದರಿಂದ ಮೊದಲ ಮಾತು. ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ. ಮೊದಲು ಹೇಳಿದ ಮಾತೇ ಕೊನೆಯವರೆಗೂ ನಿಮ್ಮ ಜೊತೆ ಬರುತ್ತದೆ. ಹಿಂದಿನ ಸಾಲಿನವರೇ, ಮಾತು ಸಾಕು, ಇದು ನಿಮಗೂ ಬೇಕಾಗುತ್ತದೆ.

ಮೂಳೆ ಸರಿಯಾಗಿ ಕೂಡಲಿಲ್ಲ. ಇನ್ನೊಂದು ಆಪರೇಷನ್ ಆಗದಿದ್ದರೆ ಹಾಸಿಗೆಯೇ ಗತಿ ಅಂದರು. ಆಗ ನನ್ನನ್ನು ನೋಡಲು ಬಂದ ಈ ಮೇನಕಾ, ತಾನು ಶಾಲೆಯಲ್ಲಿ ತಿಂದ ಬೈಗುಳವನ್ನೆಲ್ಲ ಒಂದೇ ದಿನದಲ್ಲಿ ನನಗೆ ಹಿಂದಿರುಗಿಸಿದಳು. "ಟೀಚರ್, ನಿಮಗೆ ಯಾರು ಏಳಿದ್ದು ತಪ್ಪು ಯಾರ್ದು ಅಂತ ಏಳ್ಬೇಕು ಅಂತ? ಗಾಡಿ ಓಡ್ತಿತ್ತಾ, ಅದ್ರಿಂದ ನಿಮ್ ಮೂಳೆ ಮುರೀತಾ, ಅವ್ವಳವುತಾನ್. ಅಷ್ಟೇ ಕೇಳೋದು" ಅಂದಳು.

ಸಭಿಕರೇ, ಅಷ್ಟೇ ಕೇಳುವುದು! ಮೋಟಾರು ವಾಹನ ಕಾನೂನಿನಲ್ಲಿ ಹಾಗೊಂದು ದಾರಿ ಇದೆ. ಸಾವು ಸಂಭವಿಸಿದರೆ, ಅಥವಾ ಮೂಳೆ ಮುರಿಯುವಂಥ ದೊಡ್ಡ ಗಾಯವಾದರೆ, ಇಷ್ಟು ಎಂದು ಕಾನೂನೇ ಗೊತ್ತುಮಾಡಿದ ಮೊತ್ತ ಸಿಗುತ್ತದೆ. ಓಡಿಸಿದವನು ಅಜಾಗರೂಕನಾಗಿದ್ದ ಎಂದು ಸಾಧಿಸಬೇಕಾಗಿಲ್ಲ. ಪೊಲೀಸರ ವಿಚಾರಣೆ ಬೇರೆ, ಇದು ಬೇರೆ. ಆದರೆ ಪಾಲಿಸಿ ನೋಡಿಕೊಳ್ಳಿ. ಬರೀ ಥರ್ಡ್ ಪಾರ್ಟಿ ಮಾಡಿಸಿದ್ದರೆ ಕಾರಿನೊಳಗೆ ಕುಳಿತವರಿಗೆ ಕಂಪನಿ ಕೈಯೆತ್ತಬಹುದು. ನನ್ನ ತಮ್ಮ ಟೀ ಕುಡಿಸಲಿಕ್ಕೂ ಲೆಕ್ಕ ಹಾಕುವ ಜಿಪುಣ, ಆದರೂ ಕಾರಿಗೆ ಫುಲ್ ಇನ್ಶೂರೆನ್ಸ್ ಮಾಡಿಸಿದ್ದ. ನಾನು ಇವತ್ತು ನಿಂತು ಮಾತಾಡುತ್ತಿರುವುದು ಅದರಿಂದ. ಇದನ್ನು ಅವನಿಗೆ ಯಾರೂ ಹೇಳಿಲ್ಲ, ನಾನು ಹೇಳುತ್ತಿದ್ದೇನೆ.

ಇನ್ನೊಂದು ದಾರಿಯೂ ಇದೆ. ತಪ್ಪನ್ನು ಸಾಧಿಸಿ ತೋರಿಸಿದರೆ ಅದರಲ್ಲಿ ಹೆಚ್ಚು ಸಿಗಬಹುದು. ಒಂದನ್ನು ಒಪ್ಪಿ ತೆಗೆದುಕೊಂಡರೆ ಇನ್ನೊಂದು ಮುಚ್ಚುತ್ತದೆ, ಆದ್ದರಿಂದ ತಿಳಿದವರನ್ನು ಕೇಳಿ ಆರಿಸಿಕೊಳ್ಳಿ. ಮೇನಕಾ ನನಗೂ ಎರಡನ್ನೂ ಬಿಡಿಸಿ ಹೇಳಿದಳು. "ನಿಮ್ಮ ತಮ್ಮ ಗಮನ ಇಲ್ದೆ ಓಡ್ಸಿದ್ರು ಅಂತ ಏಳಿದ್ರೆ ಜಾಸ್ತಿ ಬರ್ಬೋದು ಟೀಚರ್" ಅಂದಳು. ವಕೀಲರು ಹೇಳಬೇಕಾದ್ದೇ, ಅವಳ ತಪ್ಪಿಲ್ಲ. ನಾನು, ಆ ಮಾತು ನನ್ನ ಬಾಯಲ್ಲಿ ಬರೋದಿಲ್ಲ ಕಣಮ್ಮ, ಕಡಿಮೆಯೇ ಸಾಕು ಅಂದೆ. ಅವಳು ಇಲ್ಲೇ ಇದ್ದಾಳೆ. ನಾನು ಒಂದಕ್ಷರ ಸುಳ್ಳು ಹೇಳಿದ್ದರೆ ಎದ್ದು ಹೇಳಲಿ.

ಮೆಟ್ಟಿಲಿನ ಸುಳ್ಳನ್ನು ಸರಿಪಡಿಸುವುದು ಸುಲಭವಾಗಲಿಲ್ಲ. ನಾನೇ ಆಟೋದಲ್ಲಿ ಮಲಗಿಕೊಂಡು ಸ್ಟೇಷನ್ನಿಗೆ ಹೋಗಿ ನಿಜ ಹೇಳಿದೆ. ಅವತ್ತು ರಸ್ತೆಯಲ್ಲಿ ನಮಗೆ ನೀರು ಕೊಟ್ಟಿದ್ದ, ಆಡು ಕಾಯುವ ಮುನಿವೆಂಕಟಮ್ಮನನ್ನು ಸಾಕ್ಷಿಗೆ ಕರೆದರೆ, "ನನ್ ಆಡ್ನ ಇಡ್ಕೊಂಡ್ ಓಯ್ತಾರಾ ಟೀಚರಮ್ಮಾ?" ಎಂದು ಹೆದರಿದಳು. ಈ ದಾರಿಯಲ್ಲಿ ಮನುಷ್ಯರ ತಪ್ಪನ್ನೇ ಕೇಳುವುದಿಲ್ಲವಂತೆ, ಆಡಿನದು ಯಾರು ಕೇಳುತ್ತಾರೆ ಎಂದು ಒಪ್ಪಿಸಿದೆ. ಪುಣ್ಯಾತ್ಗಿತ್ತಿ ಬಂದು ಕಂಡದ್ದನ್ನು ಹೇಳಿದಳು.

ಆಮೇಲೆ ಮುನಿರಾಜನ ಮನೆಗೆ ಕೋರ್ಟಿನ ನೋಟೀಸು ಹೋಯಿತು. ಅದರಲ್ಲಿ ಒಂದು ಕಡೆ ನನ್ನ ಹೆಸರು, ಎದುರು ಕಡೆ ಅವನ ಹೆಸರು. ಎದುರುಪಕ್ಷ! ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಕಾರಿನ ಯಜಮಾನನ ಹೆಸರಿಲ್ಲದೆ ಆ ಅರ್ಜಿ ನಡೆಯುವುದಿಲ್ಲ. ಇನ್ಶೂರೆನ್ಸ್ ಇರುವುದು ಅವನ ಹೆಸರಿನಲ್ಲಿ, ಕೊಡುವುದು ಕಂಪನಿ. ಅವನು ತಪ್ಪು ಮಾಡಿದ ಎಂಬ ಒಂದು ಸಾಲೂ ಅದರಲ್ಲಿಲ್ಲ. ಬಂದು ಕೇಳಿದ್ದರೆ ಹೇಳುತ್ತಿದ್ದೆ. ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನನಗೆ ಸಿಟ್ಟು ಬಂತು, ಈಗಲೂ ಇದೆ. ಕಾಲು ಮುರಿದದ್ದಕ್ಕಲ್ಲ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವೇನೋ ನಿನಗೆ ಎಂದು. ಪರಿಹಾರದ ಹಣ ಬಂದು, ಆಪರೇಷನ್ ಆಗಿ, ವಾಕರ್ ಹಿಡಿದು ಅಡುಗೆಮನೆಯಲ್ಲಿ ಮೊದಲ ಸಲ ನಿಂತು ದೋಸೆ ಹಾಕಿದ ದಿನ, ಇವನಿಗೆ ಒಂದು ಕೊಡಬೇಕಿತ್ತಲ್ಲ ಎಂದು ಒಲೆಯ ಮುಂದೆ ಅತ್ತಿದ್ದೇನೆ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಈಗ ಹೊಸದೊಂದು ಸುದ್ದಿ ಅವನ ಕಿವಿಗೆ ಬಿದ್ದಿದೆಯಂತೆ. ಅರ್ಚನಾಳ ಮದುವೆಗೆ ನಾನು ಕಡಯಂಪಟ್ಟಿಯ ಮೈಕ್ ಸೆಟ್ಟಿನವರಿಗೆ ಹೇಳಿಬಿಟ್ಟಿದ್ದೇನೆ ಎಂದು. ಅಕ್ಕ ಕೊನೆಗೆ ಇದನ್ನೂ ಕಿತ್ತುಕೊಂಡಳು ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಸೋದರಮಾವನ ಜಾಗಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸೋಣ ಎಂದು ನಮ್ಮ ಸುಬ್ಬರಾಯಪ್ಪ ಮಾವ ಆಗಲೇ ಇನ್ನೊಂದು ಉಪಾಯ ತೆಗೆದಿದ್ದಾರೆ. ಮಾವ, ನಿಮ್ಮ ಉಪಾಯ ಸಾಕು.

ಹೌದು ಮುನಿ, ಸುದ್ದಿ ನಿಜ. ಕಡಯಂಪಟ್ಟಿಯವರಿಗೇ ಹೇಳಿದ್ದೇನೆ, ಮುಂಗಡವನ್ನೂ ಕೊಟ್ಟಿದ್ದೇನೆ. ನೀನು ಆಂಪ್ಲಿಫೈಯರ್ ಮುಂದೆ ಕುಳಿತರೆ ಹುಡುಗಿಯನ್ನು ಹಸೆಮಣೆಗೆ ಕೈಹಿಡಿದು ಕರೆತರುವವರು ಯಾರೋ? ಬೇರೆ ಯಾರ ಕೈಯನ್ನೂ ಹಿಡಿಯೋದಿಲ್ಲ ಎಂದು ಅವಳು ಹಟ ಹಿಡಿದು ಕುಳಿತಿದ್ದಾಳೆ. ನಾನೂ ಕುಳಿತಿದ್ದೇನೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ, ನನ್ನನ್ನು ನಡೆಯುವಂತೆ ಮಾಡಿದ ಮೇನಕಾಳಿಗೂ ಋಣಿಯಾಗಿದ್ದೇನೆ. ನಮಸ್ಕಾರ.