ತಂಗಿಗೊಂದು ಜೀನ್ಸ್ ಪ್ಯಾಂಟು

ಅಲ್ಲಾ ಮೀನಾ, ನೀ ಮಾತಾಡಂಗೇ ಇಲ್ಲ, ನಾ ಒಬ್ಬಾಕಿನೇ ಒದರ್ಕೋತ ಕೂಡಬೇಕು ಅಂದ್ರ ಇದೆಂಥಾ ಪರೀಕ್ಷಾನವಾ? ಹೂಂ, ಹೂಂ, ತಿಳೀತು, ಬೆರಳು ತೋರಸಬ್ಯಾಡ. ಪರೀಕ್ಷಾ ನಂಗಲ್ಲ, ನಿಮ್ಮ ವೆಬ್‌ಸೈಟಿಗೆ. ಆಗಲೇ ಹೇಳಿದಿ. ಮನಸಿನಾಗ ಬಂದದ್ದನ್ನೆಲ್ಲಾ ಬಾಯಿಬಿಟ್ಟು ಹೇಳ್ಕೋತ ನಿಮ್ಮ ಅಂಗಡಿಯೊಳಗ ಹೆಂಗಸರ ಜೀನ್ಸ್ ಒಂದನ್ನ ನಾ ಕೊಳ್ಳಬೇಕು. ನೀ ಬಾಯಿ ಮುಚ್ಚಿಕೊಂಡು ಬರಕೋಬೇಕು. ಭೇಷ್! ಮದುವಿಯಾಗಿ ಇಷ್ಟು ವರ್ಷ ಆತು, ನಮ್ಮನಿಯವರು ಒಂದಿನಾ ಹೀಂಗ ಕೂತು ನನ್ನ ಮಾತು ಕೇಳಿಲ್ಲ. ಕೇಳವರು ಸಿಗಬೇಕಂದ್ರ ನಿಮ್ಮ ಮಾಲೀಕ ಹುಲುಗೇಶನ ಹೊಲಿಗಿ ಶೆಡ್ಡಿನ ಮಾಳಿಗಿ ಹತ್ತಬೇಕಾತು ನೋಡು.

ರೆಕಾರ್ಡಿಂಗಿಗೆ ಇಟ್ಟ ಈ ಮೊಬೈಲು ನನ್ನ ಮಾರಿ ಹಿಡೀತದೇನು? ಬರೇ ಕೈ, ದನಿ? ಆತು ಹಂಗಾರ.

ಹೆಸರು ಹೇಳ್ಬೇಕಲ್ಲ. ಸೀತಾಬಾಯಿ. ಬಳ್ಳಾರಿ ಕಂಟೋನ್ಮೆಂಟಿನಾಗ ಮನಿ, ಕುರುಗೋಡಿನಾಗ ಆಫೀಸು, ಕ್ಲರ್ಕು. ದಿನಾ ಬಸ್ಸಿನಾಗ ಹೋಗಿ ಬಸ್ಸಿನಾಗ ಬರ್ತೀನಿ. ನಿಮ್ಮ ಮಾಲೀಕನ ಹೆಂಡತಿ ರಶ್ಮಿ ನನಗ ಬೆಳಿಗ್ಗಿ ವಾಕಿಂಗಿನಾಗ ಗುರುತು. "ಒಮ್ಮೆನೂ ಆನ್‌ಲೈನಿನಾಗ ಕೊಳ್ಳದವರು ಬೇಕ್ರಿ, ಬರ್ರಿ" ಅಂದ್ಲು. ಅಂದ್ರ ದಡ್ಡರು ಬೇಕು ಅಂತ ಅರ್ಥ. ಬಂದೀನಿ.

ಒತ್ತಲೇನು? ಒತ್ತಿದೆ.

ಅಯ್ಯ! ಇದೇನಿದು, ಮಾರಿಗೆ ಬಡದಂಗ ಬಂತಲ್ಲ! "ಹಲೋ ಗಾರ್ಜಿಯಸ್" ಅಂತ... ನಂಗ! ನನ್ನ ಮಾರಿ ನೋಡ್ಯಾರೇನು ಇವ್ರು? ಫೋನ್ ನಂಬರ್ ಕೊಡಬೇಕಂತ, ಹುಟ್ಟಿದ ತಾರೀಖು ಕೊಡಬೇಕಂತ. ನಮ್ಮ ಬೆಂಗಳೂರು ರೋಡಿನ ಬಜಾರದಾಗ ಯಾವ ಅಂಗಡಿಯವ ಆದ್ರೂ ಮೆಟ್ಲ ಹತ್ತೋ ಹೆಂಗಸಿನ್ನ ತಡದು ವಯಸ್ಸು ಕೇಳ್ತಾನೇನು? ಕೇಳಿದ್ರ ಉಳೀತಾನೇನು? ಬರಕೋ. ಮುಚ್ಚೋದು ಎಲ್ಲೆ ಇದನ್ನ? ಎಲ್ಲೆ? ನೀ ಹೇಳಂಗಿಲ್ಲ, ಗೊತ್ತು... ಹಾಂ, ಇಲ್ಲೇ ಅದ, ಬಿಳೀ ಮ್ಯಾಲೆ ಬೂದಿ ಬಣ್ಣದ ಎಳ್ಳಿನಷ್ಟು ಗುರುತು. ಬಚ್ಚಿಟ್ಟಾರ. ಕಳ್ಳರು!

ಈ ಹುಡುಗಿ ಯಾರು? ಉಂಡು ಎಷ್ಟು ದಿನ ಆಗ್ಯಾವ ಪಾಪ? ಕೆಳಗ ಸರದ್ರ ಮತ್ತ ಇಕಿನೇ. ಮತ್ತ ಇಕಿನೇ. ಬಳ್ಳಾರಿಯಾಗ ಹೊಲಿದ ಪ್ಯಾಂಟು, ಹಿಂದ ಮಾತ್ರ ಸಮುದ್ರ! ಯಾವ ಸಮುದ್ರ ಅದ ನಮ್ಮೂರಾಗ? ಗುಡ್ಡದ ಮ್ಯಾಲಿನ ಕೋಟೆ ಮುಂದ ನಿಲ್ಲಿಸಿದ್ರ ಪ್ಯಾಂಟು ಹರೀತಿತ್ತೇನು? ಯಾಕ ನಗ್ತಿ? ನಗಬ್ಯಾಡ, ಬರಕೋ. ನಿಮ್ಮ ಹುಲುಗೇಶಗ ಓದಿ ಹೇಳು, ಸೀತಾಬಾಯಿ ಹೀಂಗಂದ್ರು ಅಂತ.

ಈಗ ಇದನ್ನ ನೋಡು. ಸ್ಕಿನ್ನಿ. ಬೂಟ್‌ಕಟ್. ಬಾಯ್‌ಫ್ರೆಂಡ್... ಥೂ, ಪ್ಯಾಂಟಿಗೆ ಇದೂ ಒಂದು ಹೆಸರೇನು? ಮಾಮ್ ಫಿಟ್. ಹಾಂ, ಮಾಮ್! ಅಂತೂ ತಾಯಿ ಅನ್ನಾಕಿ ಒಬ್ಬಾಕಿನ್ನ ನೆನಸ್ಯಾರ ಅಂತ ಒತ್ತಿದೆ... ಮತ್ತ ಅದೇ ಹುಡುಗಿ! ಇಕಿ ಯಾರ ತಾಯೇ, ಮೀನಾ? ಇಕಿಗೇ ಇನ್ನೂ ಹಾಲು ಕುಡಸಬೇಕು!

ಯಾರಿಗೆ ಕೊಳ್ತೀನಿ ಅಂತನೂ ಹೇಳಬೇಕೇನು? ನನ್ನ ತಂಗಿಗೆ. ಸುಮೇಧಾ ಅಂತ, ಸಿರುಗುಪ್ಪದಾಗಿರ್ತಾಳ. ಸಾಲಿ ಟೀಚರು. ನಂಗಲ್ಲವಾ! ಕೃಷ್ಣ ಕೃಷ್ಣ! ನಾ ಹಾಕ್ತೀನೇನು ಇದನ್ನ? ಮಡಿ, ಮೈಲಿಗಿ, ಏಕಾದಶಿ ಅಂತಿರೋ ಮನಿ ನಮ್ದು. ಅಕೀದೂ ಅಂಥಾ ಮನಿನೇ ಅನ್ನು. ಆದ್ರ ಅಕಿಗೆ ಬುದ್ಧಿ ಕಮ್ಮಿ. ಐವತ್ತು ದಾಟಿದ ಮ್ಯಾಲೆ ಸ್ಕೂಟರ್ ಕಲತ್ಲು! ಬಸ್ಸಿನಾಗ ನಿಂತ್ಕೊಂಡು ಹೋಗಿ ಸಾಕಾತಂತ. ಯಾರ ಕೈ ಎಲ್ಲೆಲ್ಲಿ ಬಂತೋ ಅಂತ ಮೈ ಹಿಡಕೊಂಡು ನಿಲ್ಲೋದು ಸಾಕಾತಂತ. ಅಲ್ಲಾ, ನಾವೆಲ್ಲಾ ನಿಂತಿಲ್ಲೇನು? ನಮ್ಮವ್ವ ನಿಂತಿಲ್ಲೇನು? ಮಹಾರಾಣಿಗೆ ಮಾತ್ರ ಸ್ವಂತ ಗಾಡಿ ಬೇಕು! ಮ್ಯಾಲೆ ಹೇಳ್ತಾಳ, ಬೆಳಿಗ್ಗಿ ಕಾಲುವಿ ಪಕ್ಕ ಗಾಡಿ ಮ್ಯಾಲೆ ಹೊಂಟ್ರ ಗಾಳಿ ಕಿವಿಯಾಗ ಏನೇನೋ ಹೇಳ್ತದಂತ. ಹುಚ್ಚಿ.

ಸೈಜು. ಬಂತು ನೋಡು ಸೈಜು. ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು... ಇದೇನು, ನಡುವಿನ ಅಳತಿಯೋ ವಯಸ್ಸೋ? ಪಕ್ಕದಾಗ ಎಸ್, ಎಮ್, ಎಲ್ ಬ್ಯಾರೆ. ಎರಡರಾಗ ಯಾವುದನ್ನ ನಂಬಬೇಕು? ಇದನ್ನ ಒತ್ತಿದ್ರ ಕೆಂಪಗ ಬರ್ತದ, ಖಾಲಿ ಆಗ್ಯದಂತ. ಖಾಲಿ ಆಗಿದ್ರ ಮೊದಲೇ ಹೇಳಬೇಕಿಲ್ಲೇನು? ಆಸೆ ತೋರಿಸಿ ಇಲ್ಲ ಅನ್ನೋದು! ಆಕಿ... ಹೆಚ್ಚು ಕಮ್ಮಿ ನನ್ನಷ್ಟೇ ಇದ್ದಾಳ. ಎತ್ತರಾನೂ, ದಪ್ಪಾನೂ. ಯಾಕ ನನ್ನ ನಡು ನೋಡ್ತಿ? ಅಕ್ಕತಂಗೇರು ಒಂದೇ ಥರ ಇರಬಾರದೇನು? ಬರಿಯೋದು ಬರಿ.

ಯಾಕ ಬೇಕು ಆಕಿಗೆ ಪ್ಯಾಂಟು ಅಂತ ಕೇಳಂಗೆ ನೋಡ್ತಿ. ಹೇಳ್ತೀನಿ. ಹ್ಯಾಂಗೂ ಪರದೆ ಮ್ಯಾಲೆ ನಿಮ್ಮ ಈ ಚಕ್ರ ತಿರುಗ್ಲಿಕ್ಕೆ ಹತ್ತಿ ಎಷ್ಟೊತ್ತಾತು, ಪ್ಯಾಂಟು ಮಾತ್ರ ಬರವಲ್ದು. ಇದನ್ನೂ ಬರಕೋ.

ಬಿದ್ಲು. ಇನ್ನೇನಾಗ್ತದ? ಸೀರಿ ಉಟ್ಟು ಗಾಡಿ ಹತ್ತಿದ್ರ ಸೆರಗು ಸುಮ್ಮನಿರ್ತದೇನು? ಕುರುಗೋಡು ರಸ್ತೆದಾಗ, ಕಾಲುವಿ ದಾಟಿ ಸ್ವಲ್ಪ ಮುಂದ, ಗಾಳಿಗೆ ಸೆರಗು ಬಿಚ್ಚಿ ಹಿಂದಿನ ಗಾಲಿಯಾಗ ಹೋತು. ಬಿಗೀಲಿಕ್ಕೆ ಹತ್ತಿದ್ದೂ ತಿಳೀಲಿಲ್ಲ... ಯಾರೋ ಕುತ್ತಿಗಿಗೆ ಕೈ ಹಾಕಿ ಎಳದಂಗಾತು, ಗಾಡಿ ಒಂದು ಕಡಿ, ಮನಷ್ಯಾಳು ಒಂದು ಕಡಿ.

ಏನು? ಯಾಕ ತಲಿ ಎತ್ತಿದಿ?

ಓ... ನೀನೂ ಸಿರುಗುಪ್ಪದ ಕಡಿಯಾಕಿ, ಅಲ್ಲ? ಸಿರುಗುಪ್ಪದಾಕಿಗೆ ಕುರುಗೋಡು ರಸ್ತೆದಾಗ ಏನು ಕೆಲಸ ಅಂತೇನು? ನಮ್ಮನಿಗೆ ಬಂದಿದ್ಲವಾ! ಬಂದಾಕಿ ಏನೋ ಕೆಲಸ ಅದ ಅಂತ ನನ್ನ ಗಾಡಿ ತಗೊಂಡು... ಅಂದ್ರ, ನಮ್ಮನಿ ಗಾಡಿ. ಮನ್ಯಾಗ ಒಂದು ಗಾಡಿ ಇರಬಾರದೇನು? ಪೊಲೀಸರಂಗ ನೋಡ್ತೀಯಲ್ಲ!

ಹೂಂ. ಬಿದ್ಲು. ಬಿದ್ದದ್ದು ದೊಡ್ಡದಲ್ಲ, ಮೊಣಕಾಲು ತರಚಿದ್ದು ಮಾಯ್ತದ. ಸೀರಿ, ಮೀನಾ, ಸೀರಿ ಪೂರಾ ಗಾಲಿಗೆ ಸುತ್ತಿಕೊಂಡಿತ್ತು. ನಡುವಿನಾಗ ಒಂದು ಎಳಿ ಉಳಿದಿದ್ದಿಲ್ಲ. ಹಾಡುಹಗಲು. ಐವತ್ತು ದಾಟಿದ ಹೆಂಗಸು, ಬರೇ ರವಿಕಿ, ಲಂಗದ ಮ್ಯಾಲೆ, ಡಾಂಬರ್ ರಸ್ತೆದಾಗ. ಚಾದ ಅಂಗಡಿಯಿಂದ ಗಂಡಸರು ಬಂದ್ರು. ಎತ್ತಲಿಕ್ಕೆ ಬಂದ್ರು ಅಂತ ತಿಳದ್ಲು, ಹುಚ್ಚಿ! ಬಂದು ನಿಂತ್ರು. ಬರೇ ನಿಂತ್ರು. ಒಬ್ಬ ಬೈಕಿನವ ಕಿಸೆಯಿಂದ ಫೋನ್ ತಗದ. ಆಕಿ ಎರಡೂ ಕೈಲೆ ಎದಿ ಮುಚ್ಚಿಕೊಳ್ಳಬೇಕೋ ಮಾರಿ ಮುಚ್ಚಿಕೊಳ್ಳಬೇಕೋ ತಿಳೀಲಾರದ, ಮಾರಿ ಮುಚ್ಚಿಕೊಂಡ್ಲು.

ದಡ್ಡಿ. ಮಾರಿ ಮುಚ್ಚಿಕೊಂಡ್ರ ಏನು ಬಂತು?

ಆಮ್ಯಾಲೆ ಹೊಲದಾಗಿಂದ ಒಬ್ಬಾಕಿ ಓಡಿ ಬಂದ್ಲು. ಮೆಣಸಿನಕಾಯಿ ಬಿಡಿಸೋ ಕೂಲಿಯಾಕಿ. ಮೂಕಮ್ಮ ಅಂತ ಹೆಸರು, ಹೆಸರೇ ಮೂಕಮ್ಮ, ಬಾಯಿ ಮಾತ್ರ ಕೇಳಬೇಕಿತ್ತು! "ಏನ್ ನೋಡಾಕ ನಿಂತೀರಲೇ? ನಿಮ್ಮ ಮನ್ಯಾಗ ಹೆಂಗಸ್ರು ಅದಾರಿಲ್ಲೋ? ಏನ್ ಹೊಸಾದು ಐತಿ ಇಲ್ಲಿ?" ಅಂದು ಬೈಕಿನವನ ಕೈ ಮ್ಯಾಲೆ ಬಾರಿಸಿದ್ಲು. ಹೊಲಕ್ಕ ಹೋಗೋ ಹೆಂಗಸರು ಸೀರಿ ಮ್ಯಾಲೆ ಗಂಡಂದು ಹಳೇ ಅಂಗಿ ಹಾಕ್ಕೋತಾರಲ್ಲ, ಅದನ್ನ ಬಿಚ್ಚಿ ಹೊದಿಸಿದ್ಲು. ಎಂಥಾ ಅಂಗಿ ಅದು! ಬೆವರು, ಮೆಣಸಿನ ಘಾಟು, ಬೀಡಿ ಹೊಗಿ, ಏನೇನೋ. ನಮ್ಮನಿ ಹೊಸ್ತಿಲದ ಒಳಗ ಬಿಟ್ಟುಕೊಳ್ಳಂಥಾದ್ದಲ್ಲ. ಇನ್ನೂ ಮೂಗಿನಾಗ ಅದ ಆ ವಾಸನಿ, ಸ್ನಾನ ಮಾಡಿದ್ರೂ...

ಯಾಕ ಪೆನ್ನು ನಿಂತತು?

ಆಕಿ ಹೇಳಿದ್ಲವಾ. ವಾಸನಿನೂ ಹೇಳಿದ್ಲು. ಅಕ್ಕಗ ಹೇಳಲಾರದ ಯಾರಿಗೆ ಹೇಳ್ತಾಳ? ನೀ ಬರಿ. ಇಲ್ಲೆ ನೋಡು, ಪ್ಯಾಂಟು ಬಂತು. ಕಾರ್ಟಿಗೆ ಹಾಕಬೇಕಂತ. ಹಾಕಿದೆ. ಹಾಕಿದ್ನೋ ಇಲ್ಲೋ? ಏನೂ ಹೇಳವಲ್ದು. ಮ್ಯಾಲೆ ಮೂಲ್ಯಾಗ ಒಂದು ಸಣ್ಣ ಕೆಂಪು ಚುಕ್ಕಿ ಬಂತು, ಅದೇ ಉತ್ತರ ಅಂತೇನು? ಮನಷ್ಯಾರಂಗ "ಹಾಕೀವ್ರಿ" ಅಂತ ಒಂದು ಮಾತು ಹೇಳಿದ್ರ ಗಂಟು ಹೋಗ್ತದೇನು ಹುಲುಗೇಶಂದು?

ಮನಿಗೆ ಬಂದಾಕಿಗೆ ಏನು ಸಿಕ್ಕಿತು ಕೇಳು. ಗಂಡ ಕೂತಿದ್ರು. ಅಂಗಿ ನೋಡಿದ್ರು, ಮೊಣಕಾಲು ನೋಡಿದ್ರು. ನಕ್ಕರು! ಖರೇನ ನಕ್ಕರು, ಮೀನಾ. "ಹೇಳಿದ್ನಿಲ್ಲೋ?" ಅಂದ್ರು. ಆಮ್ಯಾಲೆ, ಯಾರ್ಯಾರು ನೋಡಿದ್ರು ಅಂತ ಕೇಳಿದ್ರು. ನೋವಾತೇನು ಅಂತಲ್ಲ. ಯಾರ್ಯಾರು ನೋಡಿದ್ರು! ಪರಿಚಯದವರು ಇದ್ರೇನು, ಆಫೀಸಿನವರು ಇದ್ರೇನು! ಮುಂದಿನ ತಿಂಗಳು ಗಾಡಿ ಮಾರ್ತೀನಿ ಅಂದ್ರು. ಇನ್ನು ಬಸ್ಸಿನಾಗ ಹೋಗೋದಿದ್ರ ಹೋಗು, ಇಲ್ಲಾಂದ್ರ ನೌಕರಿ ಬಿಟ್ಟು ಮನ್ಯಾಗ ಕೂಡು. ಅಷ್ಟು ಹೇಳಿ ಇವರು ಕೀಲಿ ತಗೊಂಡು ಕಿಸೆಯೊಳಗ ಇಟ್ಟುಕೊಂಡು ಊಟಕ್ಕ ಎದ್ದ್ರು...

ಇವರು ಅಂದೆ ಏನು?

ಅಂದ್ರ, ಅವರು. ಆಕಿ ಗಂಡ. ವಿಶ್ವಪ್ರಿಯ ಅಂತ. ನಮ್ಮನಿಯವರಲ್ಲ...

ಮಾತಾಡವಾ. ಒಮ್ಮೆ ಮಾತಾಡಿದ್ರ ನಿನ್ನ ನೌಕರಿ ಹೋಗ್ತದೇನು? "ಸುಳ್ಳು ಹೇಳಬ್ಯಾಡ್ರಿ" ಅನ್ನು. ನಗು. ಆಗಲಿಂದ ನಗ್ತಿದ್ದಿ, ಈಗೇನಾತು? ಕಣ್ಣು ಯಾಕ ಕೆಳಗ ಹಾಕಿದಿ? ಕನಿಕರ ಬ್ಯಾಡ ನನಗ. ಹುಡುಗೀ, ನಿನ್ನ ಕನಿಕರ ಆ ಮಾಮ್ ಫಿಟ್ಟಿನಾಕಿಗೆ ಕೊಡು.

ಸುಮೇಧಾ ಸ್ಕೂಟರ್ ಮುಟ್ಟಿದಾಕಿನೇ ಅಲ್ಲ. ಭಾಳ ಅಂಜುಬುರುಕಿ ಆಕಿ.

ಗೊತ್ತಾತಲ್ಲ? ಇನ್ನೇನು ನೋಡ್ತಿ?

ಹತ್ತು ದಿನದಿಂದ ಬಸ್ಸಿನಾಗ ಹೋಗಲಿಕ್ಕೆ ಹತ್ತೀನಿ. ಆ ಚಾದ ಅಂಗಡಿ ಮುಂದ ಬಸ್ಸು ನಿಂತಾಗ ಕಿಟಕಿಯಿಂದ ಮಾರಿ ತಿರುವತೀನಿ. ಯಾರ ಫೋನಿನಾಗ ಇದ್ದೀನೋ ಅಂತ. ಎದುರಿಗೆ ಕೂತವ ಫೋನ್ ನೋಡಿ ನಕ್ಕರೂ ಸಾಕು, ಕೈ ಸೆರಗಿಗೆ ಹೋಗ್ತದ. ನಾ ಎಂಥಾಕಿ ಗೊತ್ತೇನು? ಇದೇ ರಶ್ಮಿ ಪ್ಯಾಂಟು ಹಾಕ್ಕೊಂಡು ವಾಕಿಂಗಿಗೆ ಬಂದಾಗ ನಾ ಹಿಂದಿನಿಂದ ಏನೇನು ಅಂದೀನಿ! ಇವತ್ತು ಆಕಿ ಅಂಗಡ್ಯಾಗೇ ಕೂತು ಆಕಿಯಂಥಾದ್ದೇ ಹುಡುಕ್ತೀನಿ. ನಗು, ನಗು, ಇದಕ್ಕ ನಗಬಹುದು.

ಇವರು ಕೀಲಿ ಕೊಡ್ತಾರೇನು ಅಂತ ಕೇಳಬ್ಯಾಡ. ಗಾಡಿ ನನ್ನ ಹೆಸರಿನಾಗ ಅದ. ಇನ್ನೊಂದು ಕೀಲಿ ನನ್ನ ಡಬ್ಬಿಯೊಳಗ ಅದ, ಅದು ಅವರಿಗೆ ತಿಳೀದು. ಕೀಲಿಗೆ ಅಂಜಿಲ್ಲ ನಾ. ಸೀರಿಗೆ ಅಂಜೀನಿ. ಹಿಂದಿನ ಗಾಲಿ ಕಡೆ ನೋಡಿದ್ರ ಸಾಕು, ಹತ್ತಲಾರದ ತಿರುಗಿ ಒಳಗ ಬರ್ತೀನಿ. ಅದಕ್ಕ ಬೇಕು ಇದು. ತಿಳೀತೇನು? ಗಾರ್ಜಿಯಸ್ ಕಾಣಲಿಕ್ಕೆ ಅಲ್ಲ.

ಇದೆಲ್ಲಾ ಆ ಮೊಬೈಲಿನಾಗ ಹಿಡೀತೇನು? ಹುಲುಗೇಶ ಕೇಳ್ತಾನ? ರಶ್ಮಿ ಕೇಳ್ತಾಳ?

ಬಂದ್ ಮಾಡಲಿಕ್ಕೆ ಕೈ ಹಾಕಬ್ಯಾಡ! ಇರಲಿ. ಕೇಳಲಿ. ನಡು ರಸ್ತೆದಾಗ ಇಷ್ಟು ಮಂದಿ ಪುಕ್ಕಟೆ ನೋಡ್ಯಾರ, ಇವರು ದನಿ ಕೇಳಿದ್ರ ನಂದೇನು ಸವೀತದ? ಕೇಳಿ ಆ ಸಮುದ್ರದ ಹುಡುಗಿನ್ನ ತಗದು ನನ್ನಂಥಾಕಿನ್ನ ಒಬ್ಬಾಕಿನ್ನ ನಿಲ್ಲಿಸಲಿ, ಗಾಡಿ ಮ್ಯಾಲೆ. ಬರಕೋ ಇದನ್ನ. ದಪ್ಪ ಅಕ್ಷರದಾಗ ಬರಕೋ.

ಈಗ ಮತ್ತ ಸೈಜು ಕೇಳ್ತದ ಇದು, ಹಾಳಾದ್ದು. ಮೂವತ್ನಾಲ್ಕೋ ಮೂವತ್ತಾರೋ, ನನಗೇನು ಗೊತ್ತು? ಹುಟ್ಟಿದಾಗಿಂದ ಲಂಗದ ಲಾಡಿ ಬಿಗದಷ್ಟೇ ನನ್ನ ಅಳತಿ. ಯಾರು ಅಳದಾರ ನನ್ನ?

ಎಲ್ಲಿಗೆ ಎದ್ದಿ? ಮೀನಾ?

...ಓ. ಕೆಳಗ ಹೊಲಿಗಿಯವರ ಹತ್ರ ಹೋಗಿ ಟೇಪು ತಂದಿಯೇನು. ಮಾತಾಡಂಗಿಲ್ಲ, ಅಳತಿ ತಗೋಬಹುದೇನು ನಿಮ್ಮ ಪರೀಕ್ಷಾದಾಗ? ಆತು. ಬಾಗಿಲ ಹಾಕು ಮೊದಲ. ಎದ್ದು ನಿಂತೀನಿ. ಕೈ ಎತ್ತಲೇನು? ಸುತ್ತ ಹಾಕು. ನೀ ಯಾಕ ಅಂಜ್ತಿ, ಬಿದ್ದಾಕಿ ನಾನು! ಸರಿಯಾಗಿ ಹಿಡಿ.

ತಡಿ, ತಡಿ. ಬರಕೋಬ್ಯಾಡ ಇನ್ನಾ. ಹೊಟ್ಟಿ ಒಳಗ ಎಳಕೊಂಡು ನಿಂತೀನಿ.

ಬಿಡ್ತೀನಿ.

ಹೂಂ... ಈಗ ನೋಡು ಎಷ್ಟದ.